ಒಲೆಯ ಸರದಿ

1987, ಫೆಬ್ರವರಿ 3, ಮಂಗಳವಾರ

ಹೊಲಿಗೆ ಯಂತ್ರಕ್ಕೆ ಕಪ್ಪು ಬಟ್ಟೆ ಹೊದಿಸಿಟ್ಟಿದ್ದಾರೆ. ಸಾವಿನ ಮನೆಯಲ್ಲಿ ನಲವತ್ತು ದಿನ ಅದು ಓಡಬಾರದಂತೆ. ಕಾಫಿ ಕುಟ್ಟುವ ಮರದ ಒರಳೂ ಸದ್ದು ಮಾಡಬಾರದು. ಈ ನಿಯಮ ನನ್ನ ಕೈಗಳಿಗೆ ಯಾರೂ ಹೇಳಿಲ್ಲ. ಬೆಳಗ್ಗಿನಿಂದ ಅವು ಮೇಜುಬಟ್ಟೆಯ ಅಂಚಿನ ದಾರ ಕೀಳುತ್ತಿವೆ. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಮೇಜುಬಟ್ಟೆಯೇ ಇರುವುದಿಲ್ಲ ಎನಿಸಿ ಈ ಖಾಲಿ ಪುಸ್ತಕ ಹಿಡಿದು ಕೂತಿದ್ದೇನೆ. ಯಾರಿಗೂ ಓದಿಸುವುದಕ್ಕಲ್ಲ.

ಆದದ್ದನ್ನು ಒಂದು ಸಲ ಬರೆದುಬಿಡುತ್ತೇನೆ, ಮತ್ತೆ ಬರೆಯುವುದಿಲ್ಲ. ಆರು ದಿನದ ಹಿಂದೆ ನನ್ನ ತಮ್ಮ ನದೀಮ ಇಳಿಜಾರಿನ ದಾರಿಯ ಪಕ್ಕ ನಮ್ಮ ತೋಟದ ಕಲ್ಲುಗೋಡೆ ಸರಿಮಾಡುತ್ತಿದ್ದ. ಪಕ್ಕದ ಮನೆಯ ಹುಡುಗ ರಜಾಯಿ ತನ್ನ ಅಪ್ಪನ ನೀರಿನ ಟ್ಯಾಂಕರ್ ಇಳಿಸಿಕೊಂಡು ಬಂದ. ಅವನಿಗೆ ಲೈಸೆನ್ಸ್ ಇಲ್ಲ. ಟ್ಯಾಂಕರಿನ ಬ್ರೇಕ್ ಸರಿಯಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಗೋಡೆಗೂ ಟ್ಯಾಂಕರಿಗೂ ನಡುವೆ ನನ್ನ ತಮ್ಮ ಸಿಕ್ಕಿಕೊಂಡ. ರಜಾಯಿ ಇಳಿದು ನೋಡಿದ. ನೋಡಿ ಓಡಿಹೋದ. ಆಡು ಕಾಯುವವನೊಬ್ಬ ಕಾಣುವವರೆಗೆ ನದೀಮ ಅಲ್ಲೇ ಬಿದ್ದಿದ್ದ. ಆಗ ಇನ್ನೂ ಜೀವವಿತ್ತಂತೆ.

ಬ್ರೇಕನ್ನಾದರೂ ಕ್ಷಮಿಸಬಹುದೇನೋ. ಓಡಿದ ಕಾಲುಗಳನ್ನು ಕ್ಷಮಿಸಲಾರೆ.

ಫೆಬ್ರವರಿ 5, ಗುರುವಾರ

ಇವತ್ತು ಒಲೆ ಆರಲು ಬಿಟ್ಟೆ. ಬೇಕೆಂದೇ ಬಿಟ್ಟೆ.

ನಮ್ಮ ಮನೆಗೂ ಅವರ ಮನೆಗೂ ನಡುವಿನ ಹಿತ್ತಿಲಲ್ಲಿ ಒಂದು ತಾಬೂನ್ ಒಲೆ ಇದೆ. ಮಣ್ಣಿನ ಗುಮ್ಮಟ, ಮೇಲೆ ತಗಡಿನ ಸೂರು. ನನ್ನ ಅಜ್ಜಿಯೂ ಅವರ ಅಜ್ಜಿಯೂ ಸೇರಿ ಕಟ್ಟಿದ್ದು. ಎಣ್ಣೆ ತೆಗೆದು ಉಳಿದ ಆಲಿವ್ ಹಿಂಡಿಯನ್ನು ಕೆಂಡದ ಮೇಲೆ ಸುರಿದು ಬೂದಿ ಮುಚ್ಚಿದರೆ ಮರುದಿನದವರೆಗೂ ಬಿಸಿ ಇರುತ್ತದೆ. ಅದನ್ನು ಆರಿಸುವ ರೂಢಿಯೇ ಇಲ್ಲ. ಒಂದು ದಿನ ಹಿಂಡಿ ಹಾಕುವ ಸರದಿ ನನ್ನದು, ಮರುದಿನ ರಜಾಯಿಯ ತಾಯಿ ಫರೀದಾಳದು. ಅವಳು ಯಾವಾಗಲೂ ಒದ್ದೆ ಹಿಂಡಿ ಹಾಕಿ ನನ್ನ ಅಡುಗೆಮನೆಗೆಲ್ಲ ಹೊಗೆ ತುಂಬಿಸುತ್ತಿದ್ದಳು. ಅದಕ್ಕೇ ವರ್ಷಗಟ್ಟಲೆ ಜಗಳವಾಡಿದ್ದೇವೆ. ಜಗಳ ಮುಗಿಸಿ ರೊಟ್ಟಿ ಹಂಚಿಕೊಂಡಿದ್ದೇವೆ. ನದೀಮ ನನ್ನ ತಟ್ಟೆಯಿಂದ ಒಂದು, ಅವಳ ತಟ್ಟೆಯಿಂದ ಒಂದು ಬಿಸಿ ರೊಟ್ಟಿ ಎಗರಿಸಿ, ಕೈಯಿಂದ ಕೈಗೆ ಹಾರಿಸುತ್ತ ಓಡುತ್ತಿದ್ದ. ಮೂವತ್ತು ದಾಟಿದ ಮೇಲೂ. ಅಮ್ಮ ಸತ್ತಾಗ ಅವನಿಗೆ ಆರು ವರ್ಷ. ನಾನೇ ಬೆಳೆಸಿದ್ದು.

ಸಾವಾದ ದಿನವೇ ಅವರ ಮನೆಯವರೆಲ್ಲ ಊರು ಬಿಟ್ಟರು. ನಮ್ಮ ಅರಬ್ಬರಲ್ಲಿ ಪದ್ಧತಿ ಅದು: ಯಾರ ಕೈಯಿಂದ ಸಾವಾಯಿತೋ ಅವನ ಮನೆಯವರು ಸತ್ತವನ ಮನೆಯವರ ಕಣ್ಣಿಗೆ ಬೀಳಬಾರದು. ರಜಾಯಿ ಜೈಲಿನಲ್ಲಿದ್ದಾನೆ. ಉಳಿದವರು ಮಾದಬಾ ಪಟ್ಟಣದಲ್ಲಿ ಫರೀದಾಳ ಅಣ್ಣನ ಮನೆಯಲ್ಲಿ ಇದ್ದಾರಂತೆ. ನಾನೊಬ್ಬಳೇ ಎರಡು ಮನೆಯ ಒಲೆ ಯಾಕೆ ಕಾಯಲಿ? ಸಂಜೆ ಗುಮ್ಮಟದ ಮೇಲೆ ಕೈಯಿಟ್ಟು ನೋಡಿದೆ. ಉಗುರುಬೆಚ್ಚಗಿತ್ತು. ಖುಷಿಯಾಯಿತು. ಅಂಗಡಿ ರೊಟ್ಟಿ ತಿಂದು ಮಲಗುತ್ತೇನೆ.

ಫೆಬ್ರವರಿ 8, ಭಾನುವಾರ

ಚರ್ಚಿನಲ್ಲಿ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ ಹೇಳುವಾಗ, ನಮಗೆ ಕೆಡುಕು ಮಾಡಿದವರನ್ನು ನಾವು ಕ್ಷಮಿಸುವಂತೆ ಎಂದು ಬರುವ ಜಾಗದಲ್ಲಿ ಬಾಯಿ ಮುಚ್ಚಿಕೊಂಡೆ. ಮುಂದಿನ ಸಾಲಿಗೆ ಮತ್ತೆ ತೆರೆದೆ. ಮುಚ್ಚಿದ್ದು ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೆ. ಪೂಜೆ ಮುಗಿದ ಮೇಲೆ ನಮ್ಮ ಪಾದ್ರಿ ಅಬೂನಾ ಮಿತ್ರಿ ಆಶೀರ್ವಾದದ ರೊಟ್ಟಿಯ ತುಂಡು ಕೈಗಿಡುತ್ತ, ತಲೆ ಎತ್ತದೆ ಹೇಳಿದರು:

"ಆ ಸಾಲು ಬಂದಾಗ ನೀನು ಬಾಯಿ ಮುಚ್ಕೊಂಡೆ. ಇರಲಿ. ಸುಳ್ಳು ಹೇಳೋದಕ್ಕಿಂತ ಅದೇ ವಾಸಿ. ನಿನಗಾಗೋ ತನಕ ನಿನ್ನ ಪಾಲಿಂದು ನಾನು ಹೇಳ್ತಿರ್ತೀನಿ."

ಪೀಠದ ಕಡೆಗೆ ಮುಖ ಮಾಡಿ ನಿಂತ ಮನುಷ್ಯನಿಗೆ ಬೆನ್ನಿನಲ್ಲೂ ಕಣ್ಣಿರಬೇಕು. ಕೋಪ ಬಂತು. ನನ್ನ ಪಾಲಿನದು ಅವರು ಯಾಕೆ ಹೇಳಬೇಕು?

ಫೆಬ್ರವರಿ 13, ಶುಕ್ರವಾರ

ಸಲಾಮೆ ಚಿಕ್ಕಪ್ಪ ಬಂದಿದ್ದರು, ಜೊತೆಗೆ ಅವರ ಮಗ ಫವಾಜ್. ನಮ್ಮ ಮನೆತನದಲ್ಲಿ ಈಗ ಚಿಕ್ಕಪ್ಪನೇ ಹಿರಿಯ. ಎರಡು ತಿಂಗಳ ಗಡುವು ಕೊಟ್ಟಿದ್ದಾರೆ. ಅಲ್ಲಿಯವರೆಗೆ ಯಾರೂ ಯಾರ ಮೈಮೇಲೂ ಕೈ ಹಾಕುವಂತಿಲ್ಲ. ಗಡುವು ಮುಗಿಯುವ ಹೊತ್ತಿಗೆ ಅವರ ಕಡೆಯಿಂದ ಹಿರಿಯರ ನಿಯೋಗ ಬಂದು ರಾಜಿ ಕೇಳುತ್ತದೆ. ಒಪ್ಪಿದರೆ ಅವರು ಊರಿಗೆ ಮರಳಬಹುದು, ರಜಾಯಿಯ ಶಿಕ್ಷೆಯೂ ಕಡಿಮೆಯಾಗುತ್ತದೆ. ಒಪ್ಪದಿದ್ದರೆ ಅವರಿಗೆ ಈ ಊರು ಮುಗಿದ ಹಾಗೆ, ಮನೆ ತೋಟ ಮಾರಿಕೊಂಡು ಹೋಗಬೇಕು.

ಗಂಡಸರು ಮಾತಾಡುವ ವಿಷಯ ಇದು. ಆದರೆ ಚಿಕ್ಕಪ್ಪ ಹೊಸ್ತಿಲಲ್ಲಿ ನಿಂತು ಹೇಳಿದರು, "ಬಾಯಿ ನನ್ನದಾದ್ರೂ ಮಾತು ನಿನ್ನದು, ಹಿಲ್ವೆ. ಅವನನ್ನ ಸಾಕಿದ್ದು ನೀನು. ನೀನು ಏನು ಹೇಳ್ತೀಯೋ ಅದನ್ನೇ ಹೇಳ್ತೀನಿ."

ಫವಾಜ್ ಮಾತ್ರ ಹೊರಡುವಾಗ ಕಿವಿಯ ಹತ್ತಿರ ಬಗ್ಗಿದ. "ಅಕ್ಕ, ಗಡುವು ಗಿಡುವು ಎಲ್ಲ ಮುದುಕರ ಆಟ. ನೀನು ಹ್ಞೂಂ ಅನ್ನು, ಆ ಮನೆ ಬಾಗಿಲು ನಾಳೆ ಇರಲ್ಲ."

ನಾನು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಎಂದೂ ಅನ್ನಲಿಲ್ಲ.

ಫೆಬ್ರವರಿ 21, ಶನಿವಾರ

ಮಸೂರ್ ಬೇಳೆಯಲ್ಲಿ ಕಲ್ಲು ಆರಿಸಿದೆ. ಆರಿಸಿದ್ದನ್ನೇ ಮತ್ತೆ ಸುರಿದುಕೊಂಡು ಆರಿಸಿದೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ನದೀಮನ ಬೂಟುಗಳನ್ನು ಬಾಗಿಲ ಬಳಿಯಿಂದ ಒಳಗಿಟ್ಟೆ, ಆಮೇಲೆ ಮತ್ತೆ ಬಾಗಿಲ ಬಳಿಗೆ ತಂದಿಟ್ಟೆ. ಅಂಗಡಿ ರೊಟ್ಟಿ ರಟ್ಟಿನ ಹಾಗಿದೆ.

ಫೆಬ್ರವರಿ 26, ಗುರುವಾರ

ನಲವತ್ತನೇ ದಿನಕ್ಕೆ ಬೇಕಾದ ಗೋಧಿ, ಸಕ್ಕರೆ ತರಲು ಮಾದಬಾಗೆ ಹೋಗಿದ್ದೆ. ಪಾತ್ರೆ ಅಂಗಡಿಯವರ ಓಣಿಯಲ್ಲಿ ತಿರುಗಿದರೆ ಎದುರಿಗೆ ಫರೀದಾ.

ಅವಳು ನನ್ನನ್ನು ನೋಡಿದ ಕೂಡಲೇ ಗೋಡೆಯ ಕಡೆಗೆ ತಿರುಗಿ ನಿಂತಳು. ಅದೇ ನಿಯಮ: ದಾರಿಯಲ್ಲಿ ಸಿಕ್ಕರೆ ಮುಖ ಮರೆಸಿಕೊಂಡು ನಾವು ದಾಟುವವರೆಗೆ ನಿಲ್ಲಬೇಕಾದದ್ದು ಅವರೇ. ತಗಡಿನ ಬಕೆಟ್ಟುಗಳ ರಾಶಿಯ ಮಧ್ಯೆ, ಹಣೆ ಗೋಡೆಗೆ ತಾಗುವಷ್ಟು ಹತ್ತಿರ ನಿಂತಿದ್ದಳು. ನಾನು ಸುಮ್ಮನೆ ದಾಟಿ ಹೋಗಬಹುದಿತ್ತು. ಹೋಗಲಿಲ್ಲ. ಅಲ್ಲೇ ನಿಂತು ಬಕೆಟ್ಟು ನೋಡಿದೆ. ಒಂದನ್ನೆತ್ತಿ ತಳ ತಟ್ಟಿದೆ, ಇನ್ನೊಂದರ ಹಿಡಿ ಎಳೆದೆ, ಬೆಲೆ ಕೇಳಿದೆ, ಚೌಕಾಸಿ ಮಾಡಿದೆ, ಇದು ಸೋರುತ್ತದೆಯೇ ಅದು ಸೋರುತ್ತದೆಯೇ ಎಂದು ಕೇಳಿದೆ. ನನಗೆ ಬಕೆಟ್ಟು ಬೇಕಾಗಿರಲಿಲ್ಲ. ಅವಳು ನಿಂತೇ ಇರಲಿ ಎಂದು ಆಸೆಯಾಗಿತ್ತು. ಅಂಗಡಿಯವನು ಅವಳನ್ನು ನೋಡುತ್ತಿದ್ದ, ದಾರಿಹೋಕರು ನೋಡುತ್ತಿದ್ದರು. ಶಾಲು ಕತ್ತಿನ ಹತ್ತಿರ ಹರಿದಿತ್ತು, ಒರಟು ದಾರದಲ್ಲಿ ತಾನೇ ಹೊಲಿದುಕೊಂಡಿದ್ದಳು. ಅವಳ ಬಟ್ಟೆಗಳಿಗೆಲ್ಲ ಹೊಲಿಗೆ ಹಾಕುತ್ತಿದ್ದವಳು ನಾನು.

ಇಷ್ಟು ದಿನ ಬೇಡಿಕೊಂಡಿದ್ದೇ ಸಿಕ್ಕಿತಲ್ಲ. ಬಸ್ಸಿನಲ್ಲಿ ಅದನ್ನೇ ಹೇಳಿಕೊಂಡು ಬಂದೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಸಕ್ಕರೆ ತರುವುದು ಮರೆತೇಹೋಗಿದೆ. ಆ ಶಾಲಿಗೆ ಅವಳು ಹಾಕಿದ್ದು ಎಂಥ ಕೆಟ್ಟ ಹೊಲಿಗೆ. ಅಂಥದ್ದನ್ನು ಹಾಕಿಕೊಂಡು ಪೇಟೆಗೆ ಬರುತ್ತಾರೆಯೇ?

ಮಾರ್ಚ್ 1, ಭಾನುವಾರ

ನಾಳೆಯಿಂದ ಪುನರುತ್ಥಾನದ ಹಬ್ಬಕ್ಕೆ ಮುಂಚಿನ ದೊಡ್ಡ ಉಪವಾಸ. ಇಂದು ಸಂಜೆಯ ಪ್ರಾರ್ಥನೆಯ ಕೊನೆಗೆ ಊರಿನವರೆಲ್ಲ ಸಾಲಾಗಿ ನಿಂತು, ಒಬ್ಬರಿಗೊಬ್ಬರು ಬಗ್ಗಿ ಕ್ಷಮೆ ಕೇಳುವುದು ಪ್ರತಿವರ್ಷದ ಪದ್ಧತಿ. ಕತ್ತೆ ಬೇಲಿ ಹಾರಿದ್ದಕ್ಕೆ, ಬೈದದ್ದಕ್ಕೆ, ಕಡ ಪಡೆದ ಜರಡಿ ವಾಪಸು ಕೊಡದಿದ್ದಕ್ಕೆ. ಕಳೆದ ವರ್ಷ ಫರೀದಾ ನನಗೆ ಬಗ್ಗಿ, "ಹೊಗೆಗೆ ಕ್ಷಮಿಸು, ನಾಳೆನೂ ಹಾಕ್ತೀನಿ" ಎಂದಿದ್ದಳು. ನದೀಮ ಹಿಂದೆ ನಿಂತು ನಕ್ಕುಬಿಟ್ಟಿದ್ದ, ಎಲ್ಲರೂ ತಿರುಗಿ ನೋಡಿದ್ದರು.

ಸಾಲು ಕಟ್ಟುವ ಮುಂಚೆ ಪಕ್ಕದ ಬಾಗಿಲಿನಿಂದ ಹೊರಬಿದ್ದೆ. ಕೆಳಗಿನ ಕೆರೆಯ ದಾರಿ ಸುತ್ತಿ ಮನೆಗೆ ಬಂದೆ. ಕಾಲು ನೋಯುತ್ತಿದೆ.

ಮಾರ್ಚ್ 4, ಬುಧವಾರ

ನಲವತ್ತನೇ ದಿನದ ರೊಟ್ಟಿಯನ್ನು ಅಂಗಡಿಯಿಂದ ತರುವುದೇ? ನದೀಮನ ಹೆಸರಿನಲ್ಲಿ ಊರಿಗೆ ರಟ್ಟು ಹಂಚುವುದೇ? ಆಗುವುದಿಲ್ಲ. ಒಲೆ ಹಚ್ಚಲೇಬೇಕಾಯಿತು.

ಆರಿದ ತಾಬೂನ್ ಸುಲಭಕ್ಕೆ ಬಿಸಿಯಾಗುವುದಿಲ್ಲ. ಮಣ್ಣು ತೇವ ಕುಡಿದು ಕೂತಿರುತ್ತದೆ. ನಿನ್ನೆಯಿಡೀ ಸೌದೆ ಉರಿಸಿದೆ, ಇವತ್ತಿಡೀ ಹಿಂಡಿ ಸುರಿದೆ. ಮಧ್ಯಾಹ್ನ ನನ್ನ ಹಿಂಡಿ ಖಾಲಿಯಾಯಿತು. ಫರೀದಾಳ ಚೀಲಗಳು ಸೂರಿನ ಕೆಳಗೇ ಇವೆ. ಅದರಿಂದಲೇ ತೆಗೆದುಕೊಂಡೆ. ಯಾಕೆ ತೆಗೆದುಕೊಳ್ಳಬಾರದು? ಅವರು ನನ್ನಿಂದ ಕಿತ್ತುಕೊಂಡದ್ದರ ಮುಂದೆ ಇದೇನು ಮಹಾ. ಹಾಗಂದುಕೊಂಡೇ ಸುರಿದೆ. ಒದ್ದೆಯಾಗಿತ್ತು, ಎಂದಿನ ಹಾಗೆ. ಕಣ್ಣು ಉರಿದು ನೀರು ಸುರಿಯಿತು. ಬೈದುಕೊಂಡೆ, ಜೋರಾಗಿಯೇ ಬೈದೆ, ಪಕ್ಕದ ಮನೆಯ ಕಿಟಕಿಯ ಕಡೆಗೆ. ಆಮೇಲೆ ಅಲ್ಲಿ ಯಾರೂ ಇಲ್ಲವೆಂದು ನೆನಪಾಯಿತು.

ಮಾರ್ಚ್ 8, ಭಾನುವಾರ

ನಲವತ್ತು ಮುಗಿಯಿತು. ರೊಟ್ಟಿ ಚೆನ್ನಾಗಿ ಬಂದಿತ್ತು. ಯಾರೂ ಎಗರಿಸಲಿಲ್ಲ.

ಮಾರ್ಚ್ 9, ಸೋಮವಾರ

ಒಲೆ ಬಿಸಿಯಿದೆ. ಇಷ್ಟು ಕಷ್ಟಪಟ್ಟು ಹಚ್ಚಿದ್ದನ್ನು ಆರಿಸಲು ಮನಸ್ಸು ಬರಲಿಲ್ಲ. ನನ್ನ ರೊಟ್ಟಿಗಾದರೂ ಆಗುತ್ತದೆ. ಯಂತ್ರದ ಮೇಲಿನ ಬಟ್ಟೆ ತೆಗೆದೆ. ಶಾಲಾ ಸಮವಸ್ತ್ರಗಳ ಗುಡ್ಡೆಯೇ ಬಿದ್ದಿದೆ.

ಮಾರ್ಚ್ 17, ಮಂಗಳವಾರ

ಇವತ್ತು ಹೊಲಿಯುತ್ತ ಹೊಲಿಯುತ್ತ ಮಧ್ಯಾಹ್ನವಾಗಿತ್ತು. ಆಮೇಲೆ ಹೊಳೆಯಿತು: ಬೆಳಗ್ಗಿನಿಂದ ಒಂದು ಸಲವೂ ರಜಾಯಿ ನೆನಪಿಗೆ ಬಂದಿಲ್ಲ. ಹೆದರಿಕೆಯಾಯಿತು. ಎದ್ದು ಹೋಗಿ ಬಾಗಿಲ ಬಳಿಯ ಬೂಟುಗಳನ್ನು ನೋಡಿದೆ, ಕಲ್ಲುಗೋಡೆಯನ್ನು ನೆನೆಸಿಕೊಂಡೆ, ಓಡಿದ ಕಾಲುಗಳನ್ನು ನೆನೆಸಿಕೊಂಡೆ. ಕೋಪ ಬಂತು. ಬಂದ ಮೇಲೆ ಸಮಾಧಾನ. ನದೀಮನಿಗಾಗಿ ಅಡುಗೆ ಮಾಡುವ ಹಾಗಿಲ್ಲ, ಬಟ್ಟೆ ಒಗೆಯುವ ಹಾಗಿಲ್ಲ. ಈ ದ್ವೇಷವೊಂದೇ ಅವನಿಗಾಗಿ ನಾನು ದಿನವೂ ಮಾಡುವ ಕೆಲಸ. ಇದನ್ನೂ ಬಿಟ್ಟರೆ ಅವನಿಗೆ ನಾನು ಏನಾಗಿ ಉಳಿದೆ?

ಇದನ್ನು ಬರೆಯುವಷ್ಟರಲ್ಲಿ ಹಿತ್ತಿಲಲ್ಲಿ ಸದ್ದಾಯಿತು. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಫವಾಜ್ ಹಾರೆ ತಂದಿದ್ದ. ಆಗಲೇ ಪಕ್ಕದ ಮನೆಯ ಎರಡು ಕಿಟಕಿ ಒಡೆದು ಬಂದಿದ್ದ. ಈಗ ಒಲೆಯ ಆಚೆ ಬದಿಗೆ ನಿಂತು, ಅವರ ಅರ್ಧ ಕೆಡವುತ್ತೇನೆ, ಅವರ ಹೆಸರಿನ ಒಂದು ಕಲ್ಲೂ ಇಲ್ಲಿರಬಾರದು ಎನ್ನುತ್ತಿದ್ದ. ಹಾರೆ ಎತ್ತಿದ್ದ. ನಾನು ಹೋಗಿ ಗುಮ್ಮಟಕ್ಕೆ ಬೆನ್ನು ಕೊಟ್ಟು ನಿಂತೆ. ಬೆನ್ನು ಸುಡುತ್ತಿತ್ತು.

"ಒಲೆಗೆಲ್ಲಿ ಅರ್ಧ ಇರುತ್ತೋ?" ಎಂದೆ. "ಒಂದು ಬದಿ ಕೆಡವಿದ್ರೆ ಇನ್ನೊಂದು ನಿಲ್ಲುತ್ತಾ? ನನ್ನ ರೊಟ್ಟಿ ನಿಮ್ಮಮ್ಮ ಸುಡ್ತಾಳಾ?"

"ನದೀಮಣ್ಣನಿಗೋಸ್ಕರ ಮಾಡ್ತಿದೀನಿ ಅಕ್ಕ."

"ನದೀಮ ಈ ಒಲೆ ರೊಟ್ಟಿ ತಿಂದೇ ಬೆಳೆದಿದ್ದು. ಎರಡೂ ಕಡೆಯಿಂದ ತಿಂದಿದ್ದಾನೆ. ಹಾರೆ ಕೆಳಗಿಡು."

ಅವನು ಅಳುತ್ತಿದ್ದ. ನದೀಮನೇ ಅವನಿಗೆ ಈಜು ಕಲಿಸಿದ್ದು. ಒಳಗೆ ಕರೆದು ಚಹಾ ಕೊಟ್ಟೆ, ಕುಡಿದು ಹೋದ. ಒಲೆ ನನ್ನದು, ಅದಕ್ಕೆ ಅಡ್ಡ ನಿಂತೆ, ಬೇರೇನಿಲ್ಲ. ಒಡೆದ ಕಿಟಕಿಗಳಿಗೆ ರಟ್ಟು ಬಡಿದು ಬಂದೆ. ಇಲ್ಲದಿದ್ದರೆ ಬೀದಿ ಬೆಕ್ಕುಗಳೆಲ್ಲ ಅಲ್ಲಿ ಸೇರಿಕೊಂಡು ನನ್ನ ಹಿತ್ತಿಲಿಗೆ ಬರುತ್ತವೆ.

ಮಾರ್ಚ್ 29, ಭಾನುವಾರ

ಅಬೂನಾ ಮಿತ್ರಿ ತಮ್ಮ ನಿಲುವಂಗಿಯ ತೋಳು ಸರಿಮಾಡಿಸಲು ಬಂದರು. ಬಂದ ಕಾರಣ ಅದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಉಪವಾಸದ ಬೇಳೆ ಸಾರು ಕೊಟ್ಟೆ. ಎರಡು ಬಟ್ಟಲು ಕುಡಿದರು. ಏಪ್ರಿಲ್ ಹತ್ತರ ಶುಕ್ರವಾರ ನಿಯೋಗ ಬರುತ್ತದಂತೆ. ಮುಂದಾಳಾಗಿ ಬರುವವರು ಶೇಖ್ ಮುತ್ಲಕ್. ಪೂರ್ವದ ಬಯಲಿನ ಮುಸ್ಲಿಂ ಹಿರಿಯ, ತೊಂಬತ್ತರ ಹತ್ತಿರ ಇರಬೇಕು. ಈ ಸೀಮೆಯಲ್ಲಿ ಅವರು ಕೇಳಿದ ರಾಜಿಯನ್ನು ಯಾರೂ ಇಲ್ಲವೆಂದಿಲ್ಲ. ಅಪ್ಪನಿಗೂ ಅವರಿಗೂ ಸ್ನೇಹವಿತ್ತು.

ಶತ್ರುವನ್ನು ಪ್ರೀತಿಸು ಅಂತ ಹೇಳೋಕೆ ಬಂದ್ರಾ ಎಂದು ನಾನೇ ಕೆಣಕಿದೆ. ಅವರು ಬಟ್ಟಲು ಒರೆಸುತ್ತ ಕೂತಿದ್ದರು.

"ಪ್ರೀತಿಸು ಅಂದ್ರೆ ಅವನು ನಿನಗೆ ಇಷ್ಟ ಆಗಬೇಕು ಅಂತಲ್ಲ. ನಂಗೇ ಈ ಊರಲ್ಲಿ ಅರ್ಧ ಜನ ಇಷ್ಟ ಇಲ್ಲ. ಅವನಿಗೆ ಒಳ್ಳೇದಾಗೋ ಹಾಗೆ ಒಂದೇ ಒಂದು ಕೆಲಸ ಮಾಡೋಕಾಗುತ್ತಾ ನೋಡು. ಮನಸ್ಸು ಹಿಂದೆ ಬಂದ್ರೆ ಬರುತ್ತೆ."

"ಬರದಿದ್ರೆ?"

"ಬರದಿದ್ರೆ ಕೆಲಸ ಆದರೂ ಆಗಿರುತ್ತಲ್ಲ."

ಅವನು ಓಡಿಹೋದ ಅಬೂನಾ ಎಂದೆ. ಹೌದು, ಓಡಿಹೋದ ಎಂದರು. ಹುಡುಗ, ಹೆದರಿದ್ದ, ಗೊತ್ತಾಗಲಿಲ್ಲ, ಇಂಥದ್ದೊಂದೂ ಸೇರಿಸಲಿಲ್ಲ. ಅದಕ್ಕೇ ಅವರನ್ನು ಬೈಯಲು ಏನೂ ಸಿಗಲಿಲ್ಲ. ತೋಳು ಮಾತ್ರ ಸ್ವಲ್ಪ ಬಿಗಿ ಹೊಲಿದೆ.

ಇವತ್ತು ಚರ್ಚಿನಲ್ಲಿ ಮನಸ್ಸೆಲ್ಲೋ ಇತ್ತು, ಪ್ರಾರ್ಥನೆ ಪೂರ್ತಿ ಬಾಯಿಗೆ ಬಂದುಬಿಟ್ಟಿತೇನೋ. ಬಾಯಿ ಮುಚ್ಚಿದ ನೆನಪಿಲ್ಲ.

ಏಪ್ರಿಲ್ 9, ಗುರುವಾರ

ನಾಳೆ ಬರುತ್ತಾರೆ.

ಕಾಫಿ ಹುರಿದೆ. ಮೊದಲ ಸಲ ಸೀದುಹೋಯಿತು, ಎಸೆದು ಮತ್ತೆ ಹುರಿದೆ. ಚಿಕ್ಕಪ್ಪ ಬಂದು, ನಾಳೆ ಏನು ಹೇಳಲಿ ಎಂದು ನೇರವಾಗಿ ಕೇಳಿದರು. ಕಾಫಿ ಹಾಗೇ ಆರಲಿ ಎಂದೆ.

ನಮ್ಮಲ್ಲಿ ಹೀಗೆ: ನಿಯೋಗ ಬಂದು ಕೂತ ಮೇಲೆ ಮುಂದಾಳಿನ ಮುಂದೆ ಕಾಫಿ ಇಡುತ್ತೇವೆ. ಅವರು ಮುಟ್ಟುವುದಿಲ್ಲ. ಕೇಳಲು ಬಂದದ್ದನ್ನು ಕೇಳುತ್ತಾರೆ. ಒಪ್ಪಿಗೆಯಾದರೆ ಮನೆಯ ಹಿರಿಯ, ಕಾಫಿ ಕುಡಿಯಿರಿ ಎನ್ನುತ್ತಾನೆ, ಕುಡಿಯುತ್ತಾರೆ. ಒಪ್ಪದಿದ್ದರೆ ತುಂಬಿದ ಬಟ್ಟಲು ಬಿಟ್ಟು ಎದ್ದುಹೋಗುತ್ತಾರೆ. ಅದಕ್ಕಿಂತ ದೊಡ್ಡ ಅವಮಾನ ಯಾವ ನಿಯೋಗಕ್ಕೂ ಇಲ್ಲ, ಹಾಗೆ ಎಬ್ಬಿಸಿ ಕಳಿಸಿದ ಮನೆಗೂ ಅದು ಒಳ್ಳೆಯ ಹೆಸರಲ್ಲ. ಚಿಕ್ಕಪ್ಪನ ಮುಖ ಸಣ್ಣದಾಯಿತು. ಆದರೂ ಮಾತಿಗೆ ತಪ್ಪುವವರಲ್ಲ. "ಸರಿ. ಆರಲಿ" ಎಂದರು.

ತೀರ್ಮಾನವಾಯಿತಲ್ಲ, ಇನ್ನು ನೆಮ್ಮದಿ ಎಂದುಕೊಂಡಿದ್ದೆ. ಅಂಗಳ ಗುಡಿಸಿದೆ. ಗುಡಿಸಿದ್ದನ್ನೇ ಗುಡಿಸಿದೆ. ಬಟ್ಟಲುಗಳನ್ನು ತೊಳೆದು, ಒರೆಸಿ, ಮತ್ತೆ ತೊಳೆದೆ. ಒಲೆಗೆ ಹಿಂಡಿ ಹಾಕಿದೆ. ದಿನವೂ ನಾನೇ ಹಾಕುತ್ತಿದ್ದೇನೆ, ಆದರೂ ಹಾಕುವಾಗ ಇವತ್ತು ಯಾರ ಸರದಿ ಎಂದು ಲೆಕ್ಕ ಬರುತ್ತದೆ. ಇವತ್ತು ನನ್ನದು, ನಾಳೆ ಅವಳದು.

ಏಪ್ರಿಲ್ 10, ಶುಕ್ರವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಬಂದರು. ಮೂವತ್ತಕ್ಕೂ ಹೆಚ್ಚು ಗಂಡಸರು. ದೊಡ್ಡ ಕೋಣೆ ತುಂಬಿ ಅಂಗಳದವರೆಗೂ ಕೂತರು. ಫರೀದಾಳ ಗಂಡನೂ ಮನೆಯವರೂ ಊರಾಚೆ ವ್ಯಾನಿನಲ್ಲೇ ಕಾಯುತ್ತಿದ್ದರು. ಒಪ್ಪಿಗೆಯಾಗುವವರೆಗೆ ಅವರು ಒಳಗೆ ಬರುವಂತಿಲ್ಲ. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ಕಾಫಿ ಹೂಜಿ ಹಿಡಿದು ನಿಂತಿದ್ದೆ. ಫವಾಜ್ ನನ್ನಿಂದ ಬಟ್ಟಲು ತುಂಬಿಸಿಕೊಂಡು ಹೋಗಿ ಕೊಡುತ್ತಿದ್ದ.

ಶೇಖ್ ಮುತ್ಲಕರನ್ನು ಇಬ್ಬರು ಹಿಡಿದು ಕರೆತಂದರು. ಎಷ್ಟು ಸಣ್ಣಗಾಗಿದ್ದಾರೆ. ಕಣ್ಣುಗಳಲ್ಲಿ ಪೊರೆ. ಬಯಲಿನಿಂದ ತೆರೆದ ಪಿಕಪ್ಪಿನಲ್ಲಿ ಬಂದಿದ್ದರು, ಹುಬ್ಬಿನ ಮೇಲೆಲ್ಲ ಧೂಳು, ಬಿಡದೆ ಕೆಮ್ಮುತ್ತಿದ್ದರು. ಫವಾಜ್ ಮೊದಲ ಬಟ್ಟಲನ್ನು ಅವರ ಕೈಗೆ ಕೊಟ್ಟ. ಅವರು ಅದನ್ನು ಮುಂದಿನ ಮೇಜಿನ ಮೇಲಿಡಬೇಕು. ಅಷ್ಟರಲ್ಲಿ ಚಿಕ್ಕಪ್ಪ ಸ್ವಾಗತದ ಮಾತು ಶುರುಮಾಡಿದ್ದರು, ಅಪ್ಪನ ಹೆಸರೆತ್ತಿದರು. ಹಳೆಯ ಗೆಳೆಯನ ಹೆಸರು ಕೇಳಿ ಮುದುಕರ ಮುಖ ಅರಳಿತು. ತಲೆಯಾಡಿಸುತ್ತ, ಎಲ್ಲೋ ನೋಡುತ್ತ, ಬಟ್ಟಲನ್ನು ಬಾಯಿಗೆತ್ತಿ ಕುಡಿದುಬಿಟ್ಟರು. ಕುಡಿದು, ಸಾಕು ಎನ್ನುವಾಗ ನಾವೆಲ್ಲ ಮಾಡುವ ಹಾಗೆ ಬಟ್ಟಲನ್ನು ಅತ್ತಿತ್ತ ಅಲುಗಿಸಿ, ಫವಾಜನತ್ತ ಚಾಚಿದರು.

ಚಿಕ್ಕಪ್ಪನ ಮಾತು ಅರ್ಧಕ್ಕೆ ನಿಂತಿತು. ಏನೂ ಕೇಳದೆ ಕಾಫಿ ಕುಡಿದವನಿಗೆ ಕೇಳುವ ಹಕ್ಕು ಉಳಿಯುವುದಿಲ್ಲ. ಅವನು ಬರೀ ಅತಿಥಿ. ಇಂಥದ್ದು ಆದದ್ದನ್ನು ನಾನು ಕಂಡೂ ಇಲ್ಲ, ಕೇಳಿಯೂ ಇಲ್ಲ. ಶೇಖ್ ಮುತ್ಲಕರಿಂದ ಆಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅವರ ಪಕ್ಕ ಕೂತಿದ್ದ ಅಬೂನಾ ಮಿತ್ರಿ ಕಣ್ಣು ಮುಚ್ಚಿಕೊಂಡರು.

ಫವಾಜ್ ಖಾಲಿ ಬಟ್ಟಲು ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಮೆಲ್ಲಗೆ ಹೇಳಿದ, "ಶೇಖ್ ಕಾಫಿ ಕುಡಿದ್ರು. ದೇವರು ಆಯಸ್ಸು ಕೊಡಲಿ. ಇನ್ನು ಕೇಳೋದೇನೂ ಉಳಿದಿಲ್ಲ."

ನಾನು ಬೇಡಿಕೊಂಡದ್ದಕ್ಕಿಂತ ಚೆನ್ನಾಗಿತ್ತು. ನಾವು ಯಾರಿಗೂ ಇಲ್ಲವೆನ್ನಬೇಕಾಗಿಲ್ಲ, ನಮ್ಮ ಮನೆಗೆ ಕೆಟ್ಟ ಹೆಸರಿಲ್ಲ. ತಪ್ಪು ಅವರದೇ. ವ್ಯಾನು ಹಾಗೇ ತಿರುಗಿ ಹೋಗುತ್ತದೆ. ರಜಾಯಿ ಅಲ್ಲೇ ಕೊಳೆಯುತ್ತಾನೆ. ನಾನು ಬೆರಳು ಕೂಡ ಎತ್ತಬೇಕಾಗಿಲ್ಲ.

ಮುದುಕರಿಗೆ ಆಗ ಅರ್ಥವಾಯಿತು. ಮೊದಲು ಬಾಯಿ ಮುಟ್ಟಿ ನೋಡಿಕೊಂಡರು, ತುಟಿಯ ಮೇಲಿನ ಕಾಫಿ ಬೆರಳಿಗೆ ಹತ್ತಿತು. ಆಮೇಲೆ ಅಕ್ಕಪಕ್ಕದವರ ಕಡೆ ತಿರುಗಿದರು. ಅವರಿಗೆ ಮುಖಗಳು ಕಾಣುವುದಿಲ್ಲ. ಯಾರೂ ಅವರಿಗೆ ಒಂದು ಮಾತೂ ಹೇಳುತ್ತಿರಲಿಲ್ಲ. ಎಲ್ಲರೂ ಅವರನ್ನು ನೋಡುತ್ತಿದ್ದರು. ಅವರು ಮೆಲ್ಲಗೆ ತಮ್ಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.

ಮಾದಬಾದ ಓಣಿ ನೆನಪಾಯಿತು. ಬಕೆಟ್ಟಿನ ತಳ ತಟ್ಟಿದ ನನ್ನ ಕೈ ನೆನಪಾಯಿತು. ಇನ್ನೊಂದು ಸಲ ಒಬ್ಬರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ನಾನು ನೋಡುತ್ತ ನಿಲ್ಲುವುದು ಸಾಧ್ಯವೇ ಇರಲಿಲ್ಲ.

ಗಂಡಸರ ನಡುವೆ ಹೆಂಗಸು ಹೋಗುವ ಹೊತ್ತಲ್ಲ ಅದು. ಹೋದೆ. ಫವಾಜನ ಕೈಯಿಂದ ಬಟ್ಟಲು ತೆಗೆದುಕೊಂಡು ತುಂಬಿಸಿದೆ. ಸ್ವಲ್ಪ ಚೆಲ್ಲಿತು. ಶೇಖ್ ಅವರ ಮುಂದಿನ ಮೇಜಿನ ಮೇಲಿಟ್ಟು, ಅವರ ಬೆರಳುಗಳನ್ನು ಹಿಡಿದು ಬಟ್ಟಲಿಗೆ ಮುಟ್ಟಿಸಿದೆ.

"ದೊಡ್ಡಪ್ಪ, ನಿಮ್ಮ ಕಾಫಿ ಇಲ್ಲೇ ಇದೆ" ಎಂದೆ. "ನೀವಿನ್ನೂ ಮುಟ್ಟಿಲ್ಲ."

ಅವರು ಬಟ್ಟಲನ್ನು ಬೆರಳಿನಿಂದ ಸವರಿ ನೋಡಿದರು. "ತುಂಬಿದೆಯಾ ಮಗಳೇ?"

"ತುಂಬಿದೆ."

"ನೀನು ಯಾರು?"

"ನದೀಮನ ಅಕ್ಕ."

ಪೊರೆಗಟ್ಟಿದ ಕಣ್ಣುಗಳಿಂದ ನೀರಿಳಿಯಿತು. ಗಡ್ಡ ಒದ್ದೆಯಾಯಿತು. ಆಮೇಲೆ ಬೆನ್ನು ನೇರ ಮಾಡಿ, ಹಳೆಯ ದನಿಯಲ್ಲಿ, ಕೇಳಲು ಬಂದದ್ದನ್ನು ಕೇಳಿದರು. ಹುಡುಗ ತಪ್ಪು ಮಾಡಿದ, ಆಮೇಲೆ ಓಡಿಹೋಗಿ ಇನ್ನೂ ದೊಡ್ಡ ತಪ್ಪು ಮಾಡಿದ, ಅದನ್ನು ನಾವು ಸಣ್ಣದು ಮಾಡಲು ಬಂದಿಲ್ಲ, ಬೇಡಲು ಬಂದಿದ್ದೇವೆ ಎಂದರು.

ಚಿಕ್ಕಪ್ಪ ನನ್ನ ಕಡೆಗೆ ತಿರುಗಿದರು. ನಿನ್ನೆಯ ಮಾತು ಅವರ ಮುಖದ ಮೇಲೇ ಇತ್ತು. ನಾನು ಇನ್ನೂ ಹೂಜಿ ಹಿಡಿದು ಕೋಣೆಯ ನಡುವೆಯೇ ನಿಂತಿದ್ದೆ. ನದೀಮನ ಮುಖ ತಂದುಕೊಳ್ಳಲು ನೋಡಿದೆ. ಗೋಡೆಯ ಬಳಿ ಬಿದ್ದವನು ಬರಲಿಲ್ಲ. ಬಿಸಿ ರೊಟ್ಟಿ ಹಾರಿಸುತ್ತ ಓಡುವವನೇ ಬಂದ.

"ಚಿಕ್ಕಪ್ಪ, ಕುಡಿಯೋಕೆ ಹೇಳಿ" ಎಂದೆ.

ಹೇಳಿದರು. ಫವಾಜ್ ಹೊರಗೆ ಹೋದ. ಕೋಣೆಯಲ್ಲಿ ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ಯಾರೋ ವ್ಯಾನಿನವರನ್ನು ಕರೆತರಲು ಓಡಿದರು. ನಾನು ಅಡುಗೆಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ನದೀಮ ಸತ್ತ ದಿನವೂ ಹೀಗೆ ಅತ್ತಿರಲಿಲ್ಲ.

ಮುದುಕರ ಮಾನ ಹೋಗಬಾರದು ಅಂತ ಮಾಡಿದೆ. ಅಬೂನಾ ಏನಾದರೂ ಅಂದುಕೊಂಡಿದ್ದರೆ ಅದು ಅವರ ಪಾಡು.

ಏಪ್ರಿಲ್ 16, ಗುರುವಾರ

ಅವರು ನಿನ್ನೆ ಊರಿಗೆ ಬಂದರು. ಸಾಮಾನು ಇಳಿಸುವ ಸದ್ದು ಕೇಳಿಸಿತು. ನಾನು ಹೊರಗೆ ಹೋಗಲಿಲ್ಲ, ಅವರೂ ಕರೆಯಲಿಲ್ಲ. ರಜಾಯಿ ಹೊರಬರುವುದು ಇನ್ನೂ ತಡ. ಬಂದ ದಿನ ಅವನ ಮುಖ ನೋಡಬಲ್ಲೆನೋ ಇಲ್ಲವೋ ಗೊತ್ತಿಲ್ಲ. ನದೀಮನ ಬೂಟುಗಳನ್ನು ಫವಾಜನಿಗೆ ಕೊಟ್ಟೆ. ಒಂದು ಅಂಗುಲ ದೊಡ್ಡವಾಗುತ್ತವೆ. ಹತ್ತಿ ತುರುಕಿಕೊಂಡು ಹಾಕುತ್ತೇನೆ ಎಂದ.

ಭಾನುವಾರ ಪುನರುತ್ಥಾನದ ಹಬ್ಬ. ಇವತ್ತು ಹಬ್ಬದ ಖರ್ಜೂರದ ಬಿಲ್ಲೆಗಳನ್ನು ಸುಡಬೇಕು. ಬೆಳಗ್ಗೆ ಎದ್ದು ಹಿಂಡಿಯ ಚೀಲಕ್ಕೆ ಕೈ ಹಾಕಿದವಳು ನಿಲ್ಲಿಸಿದೆ. ಲೆಕ್ಕ ಹಾಕಿದೆ. ಇವತ್ತಿನ ಸರದಿ ನನ್ನದಲ್ಲ.

ಹಾಕದಿದ್ದರೆ ಮಧ್ಯಾಹ್ನದೊಳಗೆ ಒಲೆ ತಣ್ಣಗಾಗುತ್ತದೆ, ಹಬ್ಬದ ಅಡುಗೆ ಕೆಡುತ್ತದೆ. ಆದರೂ ಹಾಕಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕೂತೆ. ಮಡಿಲಲ್ಲಿ ಕೈ ಇಟ್ಟುಕೊಂಡು ಕೂತೇ ಇದ್ದೆ. ಬಿಸಿಲು ಮೊದಲ ಮೆಟ್ಟಿಲಿಗೆ ಬಂತು, ಎರಡನೆಯದಕ್ಕೆ ಬಂತು.

ಆಮೇಲೆ ಪಕ್ಕದ ಮನೆಯ ಬಾಗಿಲು ತೆರೆಯಿತು. ಫರೀದಾ ಹಿಂಡಿ ತುಂಬಿದ ತಗಡಿನ ಬಕೆಟ್ಟು ಹಿಡಿದು ಬಂದಳು. ನನ್ನನ್ನು ಕಂಡು ನಿಂತಳು. ಮುಖ ತಿರುಗಿಸಿಕೊಳ್ಳಲು ಹೊರಟಳು, ರೂಢಿಯಾಗಿಬಿಟ್ಟಿತ್ತಲ್ಲ. ನಾನು ಒಲೆಯ ಕಡೆ ಗಲ್ಲ ತೋರಿಸಿದೆ. ಅವಳು ಬಗ್ಗಿ ಸುರಿದಳು, ಬೂದಿ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಹೊಗೆ ದಟ್ಟವಾಗಿ ಎದ್ದು ನೇರ ನನ್ನ ಅಡುಗೆಮನೆಯ ಕಿಟಕಿಗೆ ನುಗ್ಗಿತು.

"ಮತ್ತೆ ಒದ್ದೆ ಹಿಂಡಿ ಹಾಕಿದ್ಯಲ್ಲೇ" ಎಂದೆ.

ಅವಳು ಬಕೆಟ್ಟು ಅಲ್ಲೇ ಬಿಟ್ಟು ಕುಸಿದು ಕೂತಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಇಬ್ಬರ ಕಣ್ಣಲ್ಲೂ ನೀರು. ಹೊಗೆ ಅಷ್ಟಿತ್ತು.